ಚಪ್ಪಲಿ ಬಿಡದೆ ಒಳಗೆ ಬಂದ ದಿನ

ಮೊಮ್ಮಕ್ಕಳೇ, ಪಲ್ಲವಿ, ಸಂಜು, ಮೊನ್ನೆ ಗೋಕಾಕದಲ್ಲಿ ನಾವು ನೋಡಿದ ಸಿನಿಮಾದಲ್ಲಿ ಪೊಲೀಸರು ಒಬ್ಬನನ್ನು ಗುಟ್ಟಾಗಿ ಕೂಡಿಹಾಕಿ ಅಂಗಾಲಿಗೆ ಹೊಡೆಯುವಾಗ, ಸಂಜು ನನ್ನ ಸೆರಗು ಹಿಡಿದು, "ಆಯಿ, ಖರೇನ ಹಿಂಗ ಹೊಡೀತಾರೇನ?" ಎಂದು ಕೇಳಿದ. "ಇಲ್ಲೋ ಮಗಾ, ಅದು ಸಿನಿಮಾ" ಎಂದೆ. ನಾನು ಹೇಳಿದ್ದು ಸುಳ್ಳು.

ಕಬ್ಬಿನ ದರದ ಚಳವಳಿಯಲ್ಲಿ ಬಸ್ಸು ಸುಟ್ಟರೆಂಬ ಸಂಶಯಕ್ಕೆ ನಿಮ್ಮ ಅಜ್ಜನನ್ನು ತುಕ್ಕಾನಟ್ಟಿಯ ಹೊಲದಿಂದಲೇ ಪೊಲೀಸರು ಜೀಪಿನಲ್ಲಿ ಒಯ್ದಿದ್ದರು. ಎಲ್ಲಿಟ್ಟಿದ್ದಾರೆಂದು ಮೂಡಲಗಿ ಠಾಣೆಯಲ್ಲೂ ಹುಕ್ಕೇರಿ ಠಾಣೆಯಲ್ಲೂ ಯಾರೂ ಹೇಳಲಿಲ್ಲ. ಐದನೆಯ ದಿನ ಮಧ್ಯಾಹ್ನ ತಾವೇ ಬಂದರು. ಕಾಲಿಗೆ ನೀರು ಹಿಡಿದು ನಿಂತಿದ್ದ ನನ್ನನ್ನು ದಾಟಿ, ಚಪ್ಪಲಿ ಸಮೇತ ದೇವರ ಜಗುಲಿಯ ತನಕ ನಡೆದರು. ನಾಲ್ಕು ದಿನದ ಸಂಕಟವೆಲ್ಲ ಸಿಟ್ಟಾಗಿ, "ಚಪ್ಪಲಿ ಬಿಡೂದೂ ಮರತ ಬಂದ್ರೇನ?" ಎಂದು ರೇಗಿದೆ.

"ತಗ್ಯಾಕ ಬರವಲ್ಲವು" ಎಂದರು.

ಊದಿದ ಪಾದಕ್ಕೆ ಚಪ್ಪಲಿಯ ಪಟ್ಟಿ ಕಚ್ಚಿಕೊಂಡಿತ್ತು. ಕತ್ತರಿಯಿಂದ ಪಟ್ಟಿ ಕೊಯ್ದು ಚಪ್ಪಲಿ ಬಿಡಿಸಿದೆ. ಅಂಗಾಲು ಬದನೆಕಾಯಿಯಂತೆ ಕಪ್ಪಾಗಿದ್ದವು. "ಯಾರ ಮುಂದೂ ಹೇಳಬ್ಯಾಡ" ಎಂದರು.

ಅವರಿರುವ ತನಕ ಹೇಳಲಿಲ್ಲ. ಹೋದ ಮೇಲೂ, ಕೇಳಿದ ಮೊಮ್ಮಗನಿಗೂ ಹೇಳಲಿಲ್ಲ. ಬಾಯಿಂದ ಆಗದ್ದನ್ನು ಇಲ್ಲಿ ಬರೆದಿದ್ದೇನೆ. ಈ ಹಾಳೆಯನ್ನು ಜೋಪಾನವಾಗಿ ಇಟ್ಟುಕೊಳ್ಳಿ.