ಬೇಕಂತಲೇ ತಪ್ಪು ಮಾಡಿದ ಲೆಕ್ಕಗಳು

ಎಂಟನೇ ಕ್ಲಾಸಿಗೆ ನನ್ನನ್ನು ತುಮಕೂರಿನ ಒಂದು ಖಾಸಗಿ ಇಂಗ್ಲಿಷ್ ಮೀಡಿಯಂ ಹೈಸ್ಕೂಲಿಗೆ ಸೇರಿಸಿದರು. ಅಲ್ಲಿಯವರೆಗೆ ಹೆಬ್ಬೂರಿನ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿದವಳು ನಾನು. ಸೇರಿಸಿಕೊಳ್ಳುವ ಮೊದಲು ಒಂದು ಟೆಸ್ಟ್ ಕೊಟ್ಟರು. ಲೆಕ್ಕ ನನಗೆ ಬರುತ್ತಿತ್ತು. ಆದರೆ ಪ್ರಶ್ನೆ ಇಂಗ್ಲಿಷಿನಲ್ಲಿ ಏನು ಕೇಳುತ್ತಿದೆ ಅನ್ನುವುದೇ ತಿಳಿಯಲಿಲ್ಲ. ಹೆಡ್ಮಾಸ್ಟರು ಪತ್ರಿಕೆ ನೋಡಿ ಅಪ್ಪನಿಗೆ, "ಸಿ ಸೆಕ್ಷನ್‌ಗೆ ಹಾಕ್ತೀವಿ. ಅಲ್ಲಿ ಇವಳಂಥೋರೇ ಇದಾರೆ, ಹೊಂದ್ಕೋತಾಳೆ" ಅಂದರು. ಅಪ್ಪ ಕೈಮುಗಿದು ಹೂಂ ಅಂದರು. ಇವಳಂಥೋರು ಅಂದರೆ ಎಂಥೋರು ಅಂತ ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಮೊದಲ ದಿನವೇ ಗೊತ್ತಾಯಿತು. ಎ ಸೆಕ್ಷನ್ ಮೇಲಿನ ಮಹಡಿಯಲ್ಲಿತ್ತು. ಡಾಕ್ಟರು, ಲಾಯರು, ಲೆಕ್ಚರರುಗಳ ಮಕ್ಕಳು ಅಲ್ಲಿ. ಸಿ ಸೆಕ್ಷನ್ ಕೆಳಗೆ, ಸೈಕಲ್ ಸ್ಟ್ಯಾಂಡಿನ ಪಕ್ಕದಲ್ಲಿ. ಹಳ್ಳಿಗಳಿಂದ ಬಸ್ಸಿನಲ್ಲಿ ಬರುವವರು, ಊರೊಳಗಿನ ಆಟೋ ಡ್ರೈವರುಗಳ, ಹಮಾಲರ ಮಕ್ಕಳು, ಎಲ್ಲರೂ ಅಲ್ಲಿ. ಕೆಲವು ಟೀಚರುಗಳು ನಮ್ಮನ್ನು ಹೆಸರು ಹಿಡಿದು ಕರೆಯುತ್ತಲೇ ಇರಲಿಲ್ಲ. "ಏ ಹೆಬ್ಬೂರು, ಎದ್ದು ನಿಂತ್ಕೋ" ಅನ್ನುತ್ತಿದ್ದರು. ಸ್ವಲ್ಪ ದಿನಕ್ಕೆ ನಾವೇ ಒಬ್ಬರನ್ನೊಬ್ಬರು ಹಾಗೆ ಕರೆಯಲು ಶುರುಮಾಡಿದೆವು, ಜಂಬದಿಂದ.

ನನ್ನ ಬೆಂಚಿನಲ್ಲಿ ಕೂತವಳು ಕೋರ ಅನ್ನುವ ಹಳ್ಳಿಯವಳು. ಅವಳಪ್ಪ ಬೇರೆಯವರ ಟ್ರ್ಯಾಕ್ಟರ್ ಓಡಿಸುತ್ತಿದ್ದರು. ಬಾಯಿಲೆಕ್ಕದಲ್ಲಿ ಅವಳನ್ನು ಮೀರಿಸುವವರು ಇಡೀ ಸ್ಕೂಲಿನಲ್ಲಿ ಇರಲಿಲ್ಲ. ನನಗೆ ಬೀಜಗಣಿತ ಅರ್ಥವಾಗಿದ್ದೂ ಅವಳಿಂದಲೇ. ಆದರೆ ಟೀಚರ ಎದುರಿಗೆ ಅವಳು ಬಾಯಿ ಬಿಡುತ್ತಿರಲಿಲ್ಲ. ನಮ್ಮ ಸೆಕ್ಷನ್ನಿನ ಕಾನೂನು ಮಾಡಿದವಳೂ ಅವಳೇ: ಯಾರೂ ಕೈ ಎತ್ತಬಾರದು, ಜಾಸ್ತಿ ಮಾರ್ಕ್ಸ್ ತೆಗೆಯಬಾರದು. ಮೀರಿದವರಿಗೆ ಎಲ್ಲರೂ ಸೇರಿ ಡೆಸ್ಕ್ ಬಡಿದು "ಮೇಲ್ಮನೆ ಸೊಸೆ" ಅಂತ ಕೂಗುತ್ತಿದ್ದರು. ಹುಡುಗರಾದರೆ "ಮೇಲ್ಮನೆ ಅಳಿಯ". ಆ ನಗುವಿನಲ್ಲಿ ಎಂಥ ಖುಷಿ ಇತ್ತು ಅಂತ ಇವತ್ತಿಗೂ ಹೇಳಬಲ್ಲೆ. ಹೆಂಗಿದ್ದರೂ ದಡ್ಡರು ಅನ್ನಿಸಿಕೊಂಡವರಿಗೆ, ಓದಿಯೂ ಸೋಲುವುದಕ್ಕಿಂತ ಓದದೇ ಇರುವುದೇ ಮರ್ಯಾದೆ ಅನ್ನಿಸುತ್ತಿತ್ತು.

ಮೊದಲ ಟೆಸ್ಟಿನಲ್ಲಿ ನನ್ನ ಹಾಳೆ ಇಣುಕಿ ನೋಡಿ ಅವಳು ಪಿಸುಗುಟ್ಟಿದಳು. "ಏನೇ, ಎಲ್ಲಾ ಕರೆಕ್ಟಾಗ್ ಬರ್ದಿದೀಯಾ. ಮೇಲಕ್ ಹೋಗ್ಬೇಕಾ?"

ಎರಡು ಉತ್ತರ ಹೊಡೆದುಹಾಕಿ ತಪ್ಪು ಬರೆದೆ. ಆಮೇಲೆ ವರ್ಷಪೂರ್ತಿ ಅದೇ ಅಭ್ಯಾಸವಾಯಿತು. ಕೊನೆಯ ಪುಟದ ರಫ್ ವರ್ಕಿನಲ್ಲಿ ಲೆಕ್ಕ ಸರಿಯಾಗಿ ಮಾಡುವುದು, ಉತ್ತರ ಬರೆಯುವಾಗ ಬೇಕಂತಲೇ ಕೆಡಿಸುವುದು.

ಒಂಬತ್ತನೇ ಕ್ಲಾಸಿಗೆ ಹೊಸದಾಗಿ ಬಂದ ಲೆಕ್ಕದ ಮೇಡಂ ಆ ಕೊನೆಯ ಪುಟ ನೋಡಿದರು. ಸ್ಟಾಫ್ ರೂಮಿಗೆ ಕರೆದು, "ರಫ್‌ನಲ್ಲಿ ಸರಿ ಇದೆ, ಉತ್ತರದಲ್ಲಿ ತಪ್ಪಿದೆ. ಎಲ್ಲಾ ಲೆಕ್ಕಾನೂ ಹಿಂಗೇ. ಯಾಕಮ್ಮ?" ಅಂದರು. ಅವರು ಬೈಯಲಿಲ್ಲ. ಮುಂದಿನ ವಾರ ನನ್ನನ್ನು ಎ ಸೆಕ್ಷನ್ನಿಗೆ ಹಾಕಿದರು.

ಅಲ್ಲಿ ಪಕ್ಕದಲ್ಲಿ ಕೂತ ಹುಡುಗಿ ಕೇಳಿದ ಮೊದಲ ಮಾತು, "ನೀನು ಕೆಳಗಿನ ಸೆಕ್ಷನ್ ಅಲ್ವಾ?" ಬರೆಯುವಾಗ ಎಲ್ಲರೂ ಮೊಣಕೈ ಅಡ್ಡ ಇಟ್ಟುಕೊಳ್ಳುತ್ತಿದ್ದರು. ತಿಂಗಳಿಗೊಮ್ಮೆ ಬೋರ್ಡಿನ ಮೇಲೆ ರ್‍ಯಾಂಕ್ ಪಟ್ಟಿ. ಮೊದಲ ಬೆಂಚಿನ ಹುಡುಗಿಯೊಬ್ಬಳು ಟೆಸ್ಟಿನ ದಿನ ತಪ್ಪದೆ ಬಾತ್‌ರೂಮಿನಲ್ಲಿ ವಾಂತಿ ಮಾಡಿಕೊಂಡು ಮುಖ ತೊಳೆದು ಬರುತ್ತಿದ್ದಳು. ಮೇಲಿನವರು ಆರಾಮಾಗಿದ್ದಾರೆ ಅಂತ ಕೆಳಗೆ ಕೂತು ಅಂದುಕೊಂಡಿದ್ದೆವು. ನಮಗೆ ದಡ್ಡರು ಅನ್ನುವ ಹಣೆಪಟ್ಟಿ ಅಂಟಿಸಿದ್ದರೆ, ಅವರಿಗೆ ಬುದ್ಧಿವಂತರು ಅನ್ನುವುದನ್ನು ಅಂಟಿಸಿದ್ದರು. ಅದು ಎಲ್ಲಿ ಕಿತ್ತುಹೋಗುತ್ತದೋ ಅನ್ನುವ ಭಯದಲ್ಲೇ ಅವರ ದಿನ ಕಳೆಯುತ್ತಿತ್ತು.

ಒಂದು ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಸಿ ಸೆಕ್ಷನ್ನಿಗೆ ಹೋದೆ. ಡೆಸ್ಕುಗಳು ಒಟ್ಟಿಗೇ ಸದ್ದು ಮಾಡಿದವು. "ಮೇಲ್ಮನೆ ಸೊಸೆ ಬಂದ್ಲು!" ಕೋರದವಳು ಮಾತ್ರ ಬಡಿಯಲಿಲ್ಲ, ಆದರೆ ಸರಿದು ಜಾಗವನ್ನೂ ಕೊಡಲಿಲ್ಲ. ನಿಂತ ಕಾಲಲ್ಲೇ ವಾಪಸ್ ಬಂದೆ. ಅಳು ಬಂತು, ಅದಕ್ಕಿಂತ ಜಾಸ್ತಿ ಸಿಟ್ಟು ಬಂತು. ನೆಟ್ಟಗೆ ಮೇಡಂ ಹತ್ತಿರ ಹೋಗಿ, "ನನಗೆ ಲೆಕ್ಕ ಹೇಳಿಕೊಟ್ಟೋಳು ಅವಳು ಮೇಡಂ. ಅವಳಿಗೂ ಟೆಸ್ಟ್ ಕೊಡಿ, ಕನ್ನಡದಲ್ಲಿ ಕೊಡಿ" ಅಂದೆ.

ಮೇಡಂ ಕೈಯಲ್ಲೇ ಕನ್ನಡದ ಪ್ರಶ್ನೆಪತ್ರಿಕೆ ಬರೆದುಕೊಟ್ಟರು. ಡೆಸ್ಕ್ ಬಡಿಯುವವರಿಲ್ಲದ ಸ್ಟಾಫ್ ರೂಮಿನಲ್ಲಿ ಕೂತು ಅವಳು ಅರ್ಧ ಗಂಟೆಯಲ್ಲಿ ಮುಗಿಸಿ ಎದ್ದಳು. ಒಂದೂ ತಪ್ಪಿರಲಿಲ್ಲ. ಮೇಡಂ ನಗುತ್ತಾ, "ನಾಳೆಯಿಂದ ಮೇಲೆ ಕೂತ್ಕೋ" ಅಂದರು.

"ಇಲ್ಲ ಮೇಡಂ" ಅಂದಳು. "ನಾನೊಬ್ಳು ಮೇಲಕ್ ಹೋದ್ರೆ, ಉಳಿದೋರೆಲ್ಲ ದಡ್ಡರು ಅಂತ ನಾನೇ ಸೈನ್ ಹಾಕ್ದಂಗಾಯ್ತದೆ. ನೀವೇ ಕೆಳಕ್ ಬನ್ನಿ."

ಅಷ್ಟು ನೇರವಾಗಿ ಟೀಚರ ಹತ್ತಿರ ಮಾತಾಡಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮೇಡಂ, "ಸರಿ" ಅಂದರು. ಹೆಡ್ಮಾಸ್ಟರು ಗೊಣಗಿದರೂ ವಾರಕ್ಕೆರಡು ಆಟದ ಪೀರಿಯಡ್‌ಗಳಲ್ಲಿ ಅವರು ಸಿ ಸೆಕ್ಷನ್ನಿಗೆ ಬಂದು ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಲೆಕ್ಕ ಹೇಳಿಕೊಟ್ಟರು. ನಾನೂ ಬಂದು ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದೆ. ಎರಡನೇ ವಾರಕ್ಕೆ ಕೋರದವಳು ಬ್ಯಾಗ್ ಎತ್ತಿ ಆ ಕಡೆ ಇಟ್ಟು, "ಕೂತ್ಕೋ ಬಾರೇ, ಎಷ್ಟೊತ್ತು ನಿಂತಿರ್ತೀಯಾ" ಅಂದಳು.

ಎಸ್ಸೆಸ್ಸೆಲ್ಸಿಯಲ್ಲಿ ಸಿ ಸೆಕ್ಷನ್ನಿನವರೆಲ್ಲ ಪಾಸಾದರು ಅಂತ ಬರೆದರೆ ಸುಳ್ಳಾಗುತ್ತದೆ. ನಾಲ್ಕು ಜನ ಲೆಕ್ಕದಲ್ಲೇ ಫೇಲಾದರು. ಆದರೆ ಬೇಕಂತಲೇ ಫೇಲಾದವರು ಯಾರೂ ಇರಲಿಲ್ಲ.

ಕೋರದವಳು ಪಾಲಿಟೆಕ್ನಿಕ್ ಓದಿ ಈಗ ಗುಬ್ಬಿ ತಾಲ್ಲೂಕಿನಲ್ಲಿ ಸರ್ವೇಯರ್. ಬದುವಿನ ಮೇಲೆ ಜಗಳಕ್ಕೆ ನಿಂತ ಗಂಡಸರ ನಡುವೆ ಅಳತೆ ಟೇಪು ಹಿಡಿದು ನಿಲ್ಲುತ್ತಾಳೆ. ನಾನು ಕುಣಿಗಲ್ ತಾಲ್ಲೂಕಿನ ಅಮೃತೂರಿನ ಕಡೆ ಒಂದು ಹೈಸ್ಕೂಲಿನಲ್ಲಿ ಲೆಕ್ಕದ ಟೀಚರ್.

ಈ ವರ್ಷದ ಮೊದಲ ಮೀಟಿಂಗಿನಲ್ಲಿ ಸಹೋದ್ಯೋಗಿಯೊಬ್ಬರು, "ಹುಷಾರಿರೋರ್ನೆಲ್ಲ ಒಂದ್ ಸೆಕ್ಷನ್‌ಗೆ ಹಾಕೋಣ, ರಿಸಲ್ಟ್ ಬರ್ತದೆ" ಅಂದರು. ನಾನು ಎದ್ದು ನಿಂತು ನನ್ನ ರಫ್ ವರ್ಕಿನ ಕಥೆ ಪೂರ್ತಿ ಹೇಳಿದೆ. "ಇಲ್ಲಿ ಎಷ್ಟು ಮಕ್ಕಳು ಹಂಗೆ ಬಚ್ಚಿಟ್ಕೊಂಡಿದಾರೋ ನಮಗೆ ಗೊತ್ತಿಲ್ಲ. ಬೆರೆಸಿ ಕೂರ್ಸೋಣ. ರಿಸಲ್ಟ್ ಬರದೇ ಇದ್ರೆ ನನ್ನನ್ನ ಕೇಳಿ" ಅಂದೆ. ಹೆಡ್ಮಾಸ್ಟರು ಒಂದು ವರ್ಷ ನೋಡೋಣ ಅಂತ ಒಪ್ಪಿದರು.

ಜುಲೈನಲ್ಲಿ ಒಬ್ಬ ಅಂಗಡಿ ಮಾಲೀಕರು ಬಂದರು. ಅವರ ಮಗಳ ಪಕ್ಕ ಇಟ್ಟಿಗೆ ಗೂಡಿನ ಕೆಲಸದವರ ಮಗಳು ಕೂತಿದ್ದಾಳೆ, ಜಾಗ ಬದಲಾಯಿಸಿ ಅಂದರು. "ಬದಲಾಯ್ಸಲ್ಲ ಸರ್. ಮೂರು ತಿಂಗಳು ಬಿಟ್ಟು ನಿಮ್ಮ ಮಗಳನ್ನೇ ಕೇಳಿ" ಅಂದೆ. ಮುಖ ಊದಿಸಿಕೊಂಡು ಹೋದವರು ಮತ್ತೆ ಬರಲಿಲ್ಲ. ಆ ಹುಡುಗಿಯರು ಈಗಲೂ ಅದೇ ಬೆಂಚು. ಸ್ಕೇಲು ಯಾರದು ಅಂತ ದಿನಾ ಕಿತ್ತಾಡುತ್ತಾರೆ, ಊಟಕ್ಕೆ ಮಾತ್ರ ಒಟ್ಟಿಗೇ ಓಡುತ್ತಾರೆ.