ಗೋಡೆಗೊಂದು ಅಂಗಿ

ನಮ್ಮಕ್ಕ ಟೇಲರು. ಮನುಷ್ಯರನ್ನು ಅವಳು ಮುಖ ನೋಡಿ ಗುರುತು ಹಿಡಿಯುವುದಿಲ್ಲ, ಹೆಗಲು ನೋಡಿ ಹಿಡಿಯುತ್ತಾಳೆ. ಬೀದಿಯಲ್ಲಿ ಯಾರಾದರೂ ನಿಂತು ಮಾತಾಡಿಸಿದರೆ ನಕ್ಕು, ಅವರು ಅತ್ತ ಹೋದ ಮೇಲೆ "ಬಲಗಡೆ ಹೆಗಲು ಇಳಿದಿದೆಯಲ್ಲ, ಅವರು" ಎಂದು ನನಗೆ ಪರಿಚಯ ಹೇಳುತ್ತಾಳೆ. ಅವಳು ಹೊಲಿದದ್ದು ಮೈಗೆ ಅಚ್ಚುಕಟ್ಟಾಗಿ ಕೂರಲೇಬೇಕು. ಎಲ್ಲಾದರೂ ಒಂದು ಬೆರಳು ಸಡಿಲ ಕಂಡರೆ ಅವಳಿಗೆ ಊಟ ಸೇರದು. ಬೀದಿಯವರೆಲ್ಲ ಅವಳನ್ನು ಕರೆಯುವುದು ಫಿಟ್ಟಿಂಗ್ ಅಕ್ಕ ಎಂದು.

ಆ ಫಿಟ್ಟಿಂಗಿಗೆ ಸೊಪ್ಪು ಹಾಕದವರು ಒಬ್ಬರೇ, ಅವಳ ಅತ್ತೆ. ಅಕ್ಕ ಹೊಲಿದುಕೊಟ್ಟ ಪ್ರತಿ ನೈಟಿಯನ್ನೂ ಅತ್ತೆ ಕುತ್ತಿಗೆಯ ಹತ್ತಿರ ಎಳೆದೆಳೆದು, "ಇದೇನೇ, ದಿಂಬಿಗೆ ಕವರ್ ಹಾಕಿದ ಹಾಗಿದೆ" ಎಂದು ವಾಪಸು ಎಸೆಯುತ್ತಾರೆ. ಅಕ್ಕ ಮೂಗು ಮುರಿಯುತ್ತಾಳೆ. ಇಬ್ಬರೂ ಕಾಲು ಕೆರೆದು ಜಗಳವಾಡಿ, ಆಮೇಲೆ ಅಕ್ಕಪಕ್ಕ ಕೂತು ಟೀ ಕುಡಿಯುತ್ತಾರೆ. ಒಡಹುಟ್ಟಿ, ಅದೇ ಬೀದಿಯಲ್ಲಿರುವ ನನ್ನ ಜೊತೆ ಅಕ್ಕ ಅಷ್ಟು ಪ್ರೀತಿಯಿಂದ ಯಾವತ್ತೂ ಜಗಳವಾಡಿಲ್ಲ. ನನಗೆ ಹೊಟ್ಟೆಕಿಚ್ಚೇ.

ಅವರ ಮನೆಯ ಪಶ್ಚಿಮಕ್ಕೆ ಒತ್ತಿಕೊಂಡಂತೆ ಇನ್ನೊಂದು ಎತ್ತರದ ಮನೆಯಿತ್ತು. ಕಳೆದ ವರ್ಷ ಅದನ್ನು ಕೆಡವಿ ಸೈಟು ಖಾಲಿ ಬಿಟ್ಟರು. ಅಲ್ಲಿಯವರೆಗೆ ನೆರಳಿನಲ್ಲಿದ್ದ ಗೋಡೆಗೆ ಮಧ್ಯಾಹ್ನದಿಂದ ಹೊತ್ತು ಮುಳುಗುವವರೆಗೂ ಬಿಸಿಲು ಬಡಿಯತೊಡಗಿತು. ಆ ಗೋಡೆಯ ಒಳಗಡೆ ಅತ್ತೆಯ ಕೋಣೆ. ಮಂಡಿನೋವಿನಿಂದ ಮೆಟ್ಟಿಲು ಹತ್ತಲಾಗದ ಅವರಿಗೆ ಕೆಳಗೆ ಬೇರೆ ಕೋಣೆಯಿಲ್ಲ. ಬೇಸಿಗೆ ಶುರುವಾಗುತ್ತಿದ್ದಂತೆ ಒಂದು ಮಧ್ಯಾಹ್ನ ಅವರು ಅಲ್ಲೇ ತಲೆತಿರುಗಿ ಬಿದ್ದರು.

ಸುದ್ದಿ ಕೇಳಿದ ಅವರ ಮಗಳು ಫೋನಿನಲ್ಲಿ ಅತ್ತುಬಿಟ್ಟಳು. "ಅತ್ತಿಗೆ, ಅಮ್ಮನನ್ನ ನಾನೇ ಕರ್ಕೊಂಡು ಹೋಗಿ ಇಟ್ಕೊಳ್ತೀನಿ. ಇನ್ನೆರಡು ವಾರ ಬಿಟ್ಟು ಭಾನುವಾರ ಬರ್ತೀನಿ. ನಮ್ಮ ಫ್ಲಾಟ್ ತಣ್ಣಗಿದೆ." ಅವಳದ್ದು ತಪ್ಪೇನಿರಲಿಲ್ಲ. ಆದರೆ ಅತ್ತೆಯ ಮುಖ ಸಪ್ಪಗಾಯಿತು.

"ಅವಳು, ಅವಳ ಗಂಡ ಇಬ್ರೂ ಬೆಳಿಗ್ಗೆ ಹೋದ್ರೆ ಸಂಜೆ ಬರೋರು. ನಾನು ಯಾರ ಜೊತೆ ಜಗಳ ಆಡ್ಲಿ?" ಎಂದರು ನನ್ನ ಹತ್ತಿರ. ಅಕ್ಕನ ಹತ್ತಿರ ಮಾತ್ರ ಬಾಯಿ ಬಿಡಲಿಲ್ಲ.

ನಮ್ಮ ಬಾವ ಯಾವ ರೋಗಕ್ಕೂ ಒಂದು ಮೆಷೀನು ತಂದು ನಿಲ್ಲಿಸುವ ಮನುಷ್ಯ. ಮರುದಿನವೇ ಏಸಿ ತಂದು ಹಾಕಿಸಿದರು. ಅದು ಹೆರಿಗೆನೋವು ಬಂದ ಹಾಗೆ ನರಳಿತೇ ಹೊರತು ಕೋಣೆ ತಣಿಯಲಿಲ್ಲ. ದಿನಾ ಮಧ್ಯಾಹ್ನ ಫ್ಯೂಸು ಹೋಗುತ್ತಿತ್ತು, ಹೋದಾಗಲೆಲ್ಲ ಬಾವ ಕರೆಂಟಿನವರನ್ನು ಬೈಯುತ್ತಿದ್ದರು. ಅಕ್ಕ ಒಳಗಿನ ಗೋಡೆಗೆ ಅಂಗೈ ಇಟ್ಟು ಥಟ್ಟನೆ ತೆಗೆದಳು. ಕಾದ ಕಾವಲಿಯೇ.

"ಒಲೆ ಹೊರಗಡೆ ಉರೀತಿದೆ ರೀ. ಒಳಗೆ ಎಷ್ಟು ಬೀಸಿದ್ರೆ ಏನು ಬಂತು? ಈ ಗೋಡೆಗೆ ಬಟ್ಟೆ ಹಾಕ್ಬೇಕು."

"ಗೋಡೆಗೆ ಬಟ್ಟೆನಾ? ಚಡ್ಡಿನೂ ಹೊಲಿ ಹಂಗಾದ್ರೆ" ಎಂದು ಬಾವ ನಕ್ಕರು. ನನಗೆ ಮೈ ಉರಿಯಿತು. ಅಕ್ಕ ಮಾತ್ರ ಅಳತೆಯ ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ಏಣಿ ಹುಡುಕಲು ಹೊರಟೇಬಿಟ್ಟಳು. "ಅತ್ತೆನ ಕಳಿಸೋ ಮಾತೇ ಇಲ್ಲ" ಎಂದು ಏಣಿಗೆ ಹೇಳಿದಳು, ನಮಗಲ್ಲ.

ನರ್ಸರಿಗಳಲ್ಲಿ ಸಸಿಗಳ ಮೇಲೆ ಕಟ್ಟುತ್ತಾರಲ್ಲ, ಆ ಹಸಿರು ನೆರಳುಬಲೆಯನ್ನು ತರಿಸಿದಳು. ಗೋಡೆಯ ಉದ್ದ, ಅಗಲ, ಕಿಟಕಿ, ನೀರಿನ ಪೈಪು ಎಲ್ಲದರ ಅಳತೆ ತೆಗೆದಳು. ಪೈಪಿನ ಉಬ್ಬಿಗೆ ಮಡಿಕೆ ಹಿಡಿದಳು, ಕಿಟಕಿಗೆ ಕತ್ತಿನ ಪಟ್ಟಿಯ ಹಾಗೆ ಅಂಚು ಕೊಟ್ಟಳು. ಸಾಲದ್ದಕ್ಕೆ ಒಳಗಡೆ ದಪ್ಪ ಬಟ್ಟೆಯ ಲೈನಿಂಗು ಬೇರೆ. ಮೊಳೆ ಹೊಡೆಸಿ ಬಿಗಿಯಾಗಿ ಎಳೆದು ಕಟ್ಟಿಸಿದಾಗ ಎಲ್ಲೂ ಒಂದು ಸುಕ್ಕಿರಲಿಲ್ಲ. ನೋಡಲು ಇಡೀ ಬೀದಿ ಬಂತು. ಗೋಡೆ ಸೂಟು ಹಾಕಿಕೊಂಡು ನಿಂತ ಹಾಗಿತ್ತು. ಅಕ್ಕ ಹಿಗ್ಗಿ ಹೀರೇಕಾಯಿಯಾದಳು.

ಮರುದಿನ ಕೋಣೆ ಮೊದಲಿಗಿಂತ ಹೆಚ್ಚು ಕಾಯಿತು. ಸಂಜೆಗೂ ಆರಲಿಲ್ಲ.

"ನನ್ನನ್ನ ಓಡಿಸೋಕೆ ಇಷ್ಟೆಲ್ಲ ಕಷ್ಟ ಯಾಕೆ ಪಡ್ತೀಯೇ? ಹೋಗು ಅಂದಿದ್ರೆ ಹೋಗ್ತಿದ್ದೆ" ಎಂದರು ಅತ್ತೆ. ತಮಾಷೆಗೇ ಅಂದದ್ದು. ಆದರೆ ಅವರು ಬ್ಯಾಗಿಗೆ ಬಟ್ಟೆ ತುಂಬಿಕೊಳ್ಳಲು ಶುರುಮಾಡಿದ್ದರು. ಅಕ್ಕ ಬೆನ್ನು ತಿರುಗಿಸಿ ಅಡುಗೆಮನೆಗೆ ಹೋದಳು. ಅವಳ ಕಣ್ಣು ತುಂಬಿದ್ದನ್ನು ನಾನು ನೋಡಿದೆ.

ಹೊರಡಲು ಎರಡು ದಿನ ಇರುವಾಗ, ಶುಕ್ರವಾರ ಬೆಳಿಗ್ಗೆ ಅಕ್ಕ, ಮಗಳ ಮನೆಯಲ್ಲಿ ಹಾಕಿಕೊಳ್ಳಲಿ ಎಂದು ಹೊಲಿದಿದ್ದ ಹೊಸ ನೈಟಿಯನ್ನು ಅತ್ತೆಗೆ ತೊಡಿಸಿ ನೋಡಿದಳು. ಅತ್ತೆ ಎಂದಿನಂತೆ ಕುತ್ತಿಗೆ ಎಳೆದರು, ಕಂಕುಳು ಎಳೆದರು.

"ಹೋಗೋ ಹೊತ್ತಿಗಾದ್ರೂ ಒಂದು ಸಡಿಲದ್ದು ಹೊಲಿಬಾರದೇನೇ? ಸೆಕೆಗೆ ಬಟ್ಟೆ ಮೈಗೆ ಅಂಟಿದ್ರೆ ಬೇಯ್ತೀವಿ. ಮಧ್ಯ ಗಾಳಿ ಆಡ್ಬೇಕು, ಗಾಳಿ!"

ಅಕ್ಕ ಬಾಯಲ್ಲಿ ಕಚ್ಚಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಳು. ಜಗಳಕ್ಕೆ ಸಿದ್ಧವಾಗಿದ್ದ ಅತ್ತೆಯನ್ನು ಅಲ್ಲೇ ಬಿಟ್ಟು ಹೊರಗೆ ಹೋಗಿ, ಗೋಡೆಗೂ ಬಲೆಗೂ ನಡುವೆ ಕೈ ತೂರಿಸಲು ನೋಡಿದಳು. ಬೆರಳೂ ಹೋಗಲಿಲ್ಲ.

"ನನ್ನ ಬುದ್ಧಿಗಿಷ್ಟು!" ಎಂದು ಹಣೆ ಚಚ್ಚಿಕೊಂಡು, ಕತ್ತರಿ ತೆಗೆದುಕೊಂಡು ಏಣಿ ಹತ್ತಿದಳು.

ಆ ಲೈನಿಂಗು, ಮಡಿಕೆ, ಪಟ್ಟಿಗಳನ್ನೆಲ್ಲ ತನ್ನ ಕೈಯಾರೆ ಬಿಚ್ಚಿದಳು. ಬರಿಗೋಡೆಗೆ ಸುಣ್ಣ ಹೊಡೆದಳು. ನಾನೂ ಸೆರಗು ಕಟ್ಟಿ ಬಕೆಟ್ ಹಿಡಿದೆ. ವೆಲ್ಡಿಂಗ್ ಅಂಗಡಿಯವನನ್ನು ಬಿಡದೆ ಕಾಡಿ, ಗೋಡೆಯಿಂದ ಒಂದು ಮೊಳ ಆಚೆಗೆ ಚಾಚುವ ಕಬ್ಬಿಣದ ತೋಳುಗಳನ್ನು ಹಾಕಿಸಿದಳು. ಅವುಗಳ ಮೇಲೆ ಬಲೆಯನ್ನು ಇಳಿಬಿಟ್ಟು, ಮೇಲೂ ಕೆಳಗೂ ಗಾಳಿಗೆ ಬಾಯಿ ಬಿಟ್ಟಳು. ಬಟ್ಟೆ ಜೋಲಾಡುತ್ತಿತ್ತು, ಸುಕ್ಕು ಕಟ್ಟುತ್ತಿತ್ತು, ಗಾಳಿಗೆ ಪಟಪಟ ಎನ್ನುತ್ತಿತ್ತು.

"ಫಿಟ್ಟಿಂಗ್ ಅಕ್ಕನ ಮನೆಗೆ ಇಂಥಾ ಜೋಲು ಬಟ್ಟೆನಾ? ನೋಡಿದೋರು ಏನಂತಾರೆ?" ಎಂದರು ಬಾವ.

"ಅಂದ್ಕೊಳ್ಲಿ ಬಿಡ್ರಿ. ಅವರೇನು ಆ ಕೋಣೇಲಿ ಮಲಗ್ತಾರಾ?"

ನನಗೆ ಗೊತ್ತು, ಆ ಸುಕ್ಕು ನೋಡಿದಾಗಲೆಲ್ಲ ಅವಳ ಕೈ ತುರಿಸುತ್ತಿತ್ತು. ಆದರೂ ಮುಟ್ಟಲಿಲ್ಲ.

ಭಾನುವಾರ ಅಕ್ಕನ ನಾದಿನಿ ಬಂದಾಗ ಮಟಮಟ ಮಧ್ಯಾಹ್ನ. ಏಸಿ ಬಾಯಿ ಮುಚ್ಚಿಕೊಂಡಿತ್ತು, ಫ್ಯಾನಷ್ಟೇ ತಿರುಗುತ್ತಿತ್ತು. ಅವಳು ಕಿಟಕಿಯಿಂದ ಬಂದ ಗಾಳಿಗೆ ಮುಖವೊಡ್ಡಿ ಸುತ್ತ ನೋಡಿದಳು. ಆಮೇಲೆ ಬಾಗಿಲ ಬಳಿಯಿದ್ದ ಬ್ಯಾಗನ್ನು ಎತ್ತಿಕೊಂಡು, "ಅಮ್ಮಾ, ಹೊರಡೋಣ್ವಾ?" ಎಂದಳು.

ಅತ್ತೆ ಮಂಚದ ಮೇಲೆ ಕಾಲು ಚಾಚಿ, ಇಷ್ಟು ದಿನ ಹತ್ತಿರ ಸುಳಿಯದಿದ್ದ ಆ ಪಶ್ಚಿಮದ ಗೋಡೆಗೇ ಬೆನ್ನು ಕೊಟ್ಟು ಕೂತಿದ್ದರು. ತಲೆ ಒಂದು ಕಡೆ ವಾಲಿತ್ತು. ಸಣ್ಣಗೆ ಗೊರಕೆ.

"ಎಬ್ಬಿಸ್ಬೇಡ ಕಣೇ. ಎಷ್ಟು ದಿನ ಆಯ್ತು, ಮಧ್ಯಾಹ್ನ ಹೀಗೆ ನಿದ್ದೆ ಮಾಡಿ" ಎಂದು ಅಕ್ಕ ಪಿಸುಗುಟ್ಟಿದಳು.

ನಾದಿನಿ ತಾಯಿಯ ಬೆನ್ನಿನ ಪಕ್ಕ ಗೋಡೆಗೆ ಅಂಗೈ ಇಟ್ಟು ನೋಡಿದಳು. ಆಮೇಲೆ ಬ್ಯಾಗನ್ನು ಅಕ್ಕನ ಕೈಗೆ ಕೊಟ್ಟಳು. ಅಕ್ಕ ಅದನ್ನು ಸದ್ದಾಗದ ಹಾಗೆ ಮಂಚದ ಕೆಳಗೆ ತಳ್ಳಿ, ಹೊಸ ನೈಟಿಯ ಕಂಕುಳಿನ ಹೊಲಿಗೆ ಬಿಚ್ಚುತ್ತಾ ಅತ್ತೆಯ ಪಕ್ಕದಲ್ಲಿ ಕೂತಳು.