ಒಳಗೆ ಯಾರಿದ್ದೀರಿ?

ಮೊನ್ನೆ ಮೂಡಿಗೆರೆಯ ಗುಜರಿ ಅಂಗಡಿಯ ಮೂಲೆಯಲ್ಲಿ ತುಕ್ಕು ಹಿಡಿದ ಯುಪಿಎಸ್ ಒಂದನ್ನು ಕಂಡೆ. ಕಂಡದ್ದೇ ತಡ, ಕಿವಿಯಲ್ಲಿ ಅದರ ಹಳೆಯ ಕೂಗು ಶುರುವಾಯಿತು. ಹಿಂದೆಯೇ ನಮ್ಮ ಕಂಪ್ಯೂಟರ್ ಮೇಡಂ ನೆನಪಾದರು...

ಎರಡು ಸಾವಿರದ ಇಸವಿಯ ಆಸುಪಾಸು. ಬಸ್‌ಸ್ಟ್ಯಾಂಡಿನ ಹಿಂದೆ, ಮಹಡಿಯ ಮೇಲೊಂದು ಕೋಣೆಯಲ್ಲಿ ಮೇಡಂ ನಮಗೆ ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆ ಕಲಿಸುತ್ತಿದ್ದರು. ಅವರ ತಂದೆ ಬಾಳೂರಿನ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಕಾಫಿ ಗೋಡೌನಿಗೆ ಬೀಗ ಹಾಕುವ ಮುಂಚೆ "ಒಳಗೆ ಯಾರಿದ್ದೀರಿ?" ಎಂದು ಕೂಗದೆ ಅವರು ಬಾಗಿಲು ಎಳೆದದ್ದೇ ಇಲ್ಲವಂತೆ. ಮಗಳಿಗೂ ಅದೇ ಚಾಳಿ. ಕಂಪ್ಯೂಟರಿಗೆ ಜೋಡಿಸಿದ ಡಿಸ್ಕನ್ನು ಕೀಳುವ ಮೊದಲು ಆಜ್ಞೆ ಕೊಟ್ಟು ಬಿಡಿಸಬೇಕು, ಹಾಗೇ ಕಿತ್ತರೆ ಕೆಟ್ಟುಹೋಗಬಹುದು. ಯಾವುದಾದರೂ ಪ್ರೋಗ್ರಾಂ ಹಿಡಿದುಕೊಂಡಿದ್ದರೆ ಡಿಸ್ಕ್ ಬಿಡುವುದಿಲ್ಲ. ಆಗ ಮೇಡಂ ಪರದೆಗೆ ಬಗ್ಗಿ ಅಪ್ಪನ ಹಾಗೆಯೇ ಕೂಗುತ್ತಿದ್ದರು, ನಾವು ಕಿಸಕ್ಕನೆ ನಗುತ್ತಿದ್ದೆವು.

ಆ ದಿನ ಮಾತ್ರ ನಗು ಬರಲಿಲ್ಲ. ನಮ್ಮೆಲ್ಲರ ಪರೀಕ್ಷೆಯ ಪ್ರಾಜೆಕ್ಟು ಒಂದೇ ಡಿಸ್ಕಿನಲ್ಲಿತ್ತು, ಸಂಜೆಯ ಬಸ್ಸಿಗೆ ಅದು ಚಿಕ್ಕಮಗಳೂರಿಗೆ ಹೋಗಬೇಕಿತ್ತು. ಡಿಸ್ಕ್ ಕೆಟ್ಟರೆ ನಮ್ಮ ವರ್ಷವೇ ಹೋದಂತೆ. ಅಷ್ಟರಲ್ಲಿ ಕರೆಂಟ್ ಹೋಯಿತು, ಬ್ಯಾಟರಿ ಇನ್ನು ಕೆಲವೇ ನಿಮಿಷ ಎಂದು ಯುಪಿಎಸ್ ಅರಚತೊಡಗಿತು. ಮೇಡಂ ಡಿಸ್ಕ್ ಬಿಡಿಸಲು ಹೋದರೆ ಪರದೆಯ ಉತ್ತರ: ಡಿವೈಸ್ ಈಸ್ ಬ್ಯುಸಿ! ಅಂದರೆ ಯಾವುದೋ ಪ್ರೋಗ್ರಾಂ ಇನ್ನೂ ಒಳಗಿದೆ.

"ಕಿತ್ತುಬಿಡಿ ಮೇಡಂ!" ಎಂದು ಕಿರುಚಿದೆ.

"ತಡಿಯೇ ಮಾರಾಯ್ತಿ. ಒಳಗಿರೋರು ಯಾರು ಅಂತ ನೋಡ್ದೆ ಬಾಗ್ಲು ಎಳೀತಾರಾ?"

ಹುಡುಕಿದಾಗ ಸಿಕ್ಕಿದ್ದು ಒಂದೇ ಒಂದು ಪ್ರೋಗ್ರಾಂ. ನಮ್ಮ ಆಜ್ಞೆಗಳನ್ನು ಕೇಳಿ ನಡೆಸುವ ಬ್ಯಾಶ್. ಮುಗಿಸು ಎಂದು ಮೇಡಂ ಅದಕ್ಕೆ ಆಜ್ಞೆ ಕೊಟ್ಟರು, ಜಪ್ಪಯ್ಯ ಅಂದರೂ ಕದಲಲಿಲ್ಲ. ಮತ್ತೆ ಹೇಳಿದರು... ಊಹೂಂ. ಯುಪಿಎಸ್ ಈಗ ಬಿಡುವಿಲ್ಲದೆ ಕೂಗುತ್ತಿತ್ತು.

ಇದ್ದಕ್ಕಿದ್ದಂತೆ ಮೇಡಂ ಹಣೆ ಚಚ್ಚಿಕೊಂಡರು. "ಅಯ್ಯೋ, ನಾನೇ ಕಣೇ! ಒಳಗೆ ನಿಂತ್ಕೊಂಡು ಹೊರಗಿನ್ ಬೀಗ ಹಾಕ್ತಿದೀನಿ!"

ಅವರು ಟೈಪ್ ಮಾಡುತ್ತಿದ್ದ ಬ್ಯಾಶೇ ಡಿಸ್ಕಿನ ಫೋಲ್ಡರಿನೊಳಗೆ ಕೂತಿತ್ತು. ಒಂದು ಸಣ್ಣ ಆಜ್ಞೆ ಕೊಟ್ಟು ಆ ಫೋಲ್ಡರಿನಿಂದ ಹೊರಗೆ ಬಂದರು, ಡಿಸ್ಕ್ ತೆಪ್ಪಗೆ ಬಿಟ್ಟುಕೊಂಡಿತು. ಕಂಪ್ಯೂಟರ್ ಆರಿದ ಮರುಕ್ಷಣ ಬ್ಯಾಟರಿ ಮುಗಿದು ಯುಪಿಎಸ್ಸೂ ಸುಮ್ಮನಾಯಿತು. ನಾವು ಕುಣಿದೇ ಕುಣಿದೆವು! ಮೇಡಂ ಡಿಸ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸಿಗೆ ಓಡಿದರು, ಹಿಂದೆ ನಾವೂ ಕೇಕೆ ಹಾಕುತ್ತ ಓಡಿದೆವು. ಆ ವರ್ಷ ಎಲ್ಲರೂ ಪಾಸು.

ಮೇಡಂ ಈಗಿಲ್ಲ. ಹೋದ ಮಳೆಗಾಲದಲ್ಲಿ ತೀರಿಕೊಂಡರಂತೆ, ನನಗೆ ಸುದ್ದಿ ತಿಳಿದದ್ದು ತಡವಾಗಿ... ಕೊನೆಯ ಸಲ ನೋಡಲೂ ಆಗಲಿಲ್ಲ. ಗುಜರಿ ಅಂಗಡಿಯಿಂದ ಸೀದಾ ಹೋಗಿ ಆ ಮಹಡಿ ಹತ್ತಿದೆ. ಈಗಲ್ಲಿ ಟೈಲರ್ ಅಂಗಡಿ. ಅವರ ಮೇಜು ಇದ್ದ ಜಾಗದಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ.

"ಅಕ್ಕಾ, ಬಾಗ್ಲು ಹಾಕ್ಬೇಕಿತ್ತು..." ಟೈಲರ್ ಕೀಲಿ ಹಿಡಿದು ಮೆಲ್ಲಗೆ ಹೇಳಿದ.

ಒಳಗೆ ಉಳಿದಿದ್ದವಳು ನಾನೊಬ್ಬಳೇ.